ವೃಷಣದ ಊತಗಳು: ಅಂಜಿಕೆಯೂ ಬೇಡ, ಅಲಕ್ಷ್ಯವೂ ಬೇಡ



ಅಡಿಕೆ ಮರದ ಸೋಗೆ ಹಳದಿಗೆ ತಿರುಗಿದರೆ ನಾವು ಯಾರೂ ಸುಮ್ಮನೆ ಕೂರುವುದಿಲ್ಲ. ಬುಡದಲ್ಲಿ ನೀರು ನಿಂತಿದೆಯೇ, ಬೇರುಹುಳು ಬಿದ್ದಿದೆಯೇ, ಗೊಬ್ಬರ ಸಾಲದಾಗಿದೆಯೇ, ಇಲ್ಲವೆ ಹಳದಿ ಎಲೆ ರೋಗವೇ ಎಂದು ಒಂದೊಂದಾಗಿ ನೋಡುತ್ತೇವೆ. ಕಾಫಿ ಗಿಡದ ಕಾಂಡದ ಮೇಲೆ ಉಬ್ಬಿದ ಗೆರೆ ಕಂಡರೆ ಬಿಳಿ ಕಾಂಡಕೊರಕವಿರಬಹುದೆಂದು ಆ ಗಿಡವನ್ನು ಗುರುತು ಮಾಡಿಡುತ್ತೇವೆ. ಆದರೆ ನಮ್ಮದೇ ಮೈಯಲ್ಲಿ, ಅದೂ ಸೊಂಟದ ಕೆಳಗೆ, ಒಂದು ಗಂಟು ಕೈಗೆ ಸಿಕ್ಕಿದರೆ ಅದನ್ನು ಹೆಂಡತಿಗೂ ಹೇಳದೆ ವರ್ಷಗಟ್ಟಲೆ ಪಂಚೆಯೊಳಗೆ ಮುಚ್ಚಿಟ್ಟುಕೊಳ್ಳುತ್ತೇವೆ. ನಾಚಿಕೆ ಒಂದು ಕಾರಣ. ಕತ್ತರಿಸಿ ತೆಗೆದುಬಿಡುತ್ತಾರೇನೋ ಎಂಬ ಭಯ ಇನ್ನೊಂದು ಕಾರಣ.

ಈ ಎರಡರಿಂದಲೂ ನಷ್ಟವಾಗುತ್ತದೆ. ವೃಷಣಚೀಲದಲ್ಲಿ ಕಾಣುವ ಊತಗಳಲ್ಲಿ ಬಹುಪಾಲು ಪ್ರಾಣಕ್ಕೆ ಅಪಾಯವಿಲ್ಲದವು. ಆದರೆ ಅಪಾಯವಿಲ್ಲದ್ದು ಯಾವುದು, ಇರುವುದು ಯಾವುದು ಎಂಬುದನ್ನು ಊಹೆಯಿಂದ ಹೇಳಲಾಗದು. ಕೆಟ್ಟ ಗಂಟನ್ನು ಸಾಧಾರಣವೆಂದು ಬಿಟ್ಟವನು ಪ್ರಾಣ ಕಳೆದುಕೊಳ್ಳಬಹುದು. ಸಾಧಾರಣ ಗಂಟನ್ನು ಕೆಟ್ಟದ್ದೆಂದು ತಿಳಿದರೆ ಆರೋಗ್ಯವಾದ ವೃಷಣವನ್ನೇ ಕಳೆದುಕೊಳ್ಳಬಹುದು. ಈ ಎರಡು ತಪ್ಪುಗಳ ನಡುವೆ ಸರಿಯಾದ ದಾರಿ ಯಾವುದೆಂದು ತಿಳಿಸುವುದೇ ಈ ಲೇಖನದ ಉದ್ದೇಶ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಓದುಗರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇವೆ. ಮಾವು, ಹಿಪ್ಪುನೇರಳೆ, ಟೊಮೆಟೊಗಳ ಈ ಬಯಲುಸೀಮೆಯಲ್ಲಿ ಕೊಳವೆಬಾವಿ ನಂಬಿ ಅಲ್ಲಲ್ಲಿ ಅಡಿಕೆ ಇಟ್ಟವರೂ ಇದ್ದಾರೆ. ಕರಾವಳಿ, ಮಲೆನಾಡಿನ ಸದಸ್ಯರಿಗೂ ಇದರಲ್ಲಿ ಬೇಕಾದ ಮಾತುಗಳಿವೆ.

ಹಳೆಯ ಹೆಸರುಗಳು, ಬೇರೆ ಬೇರೆ ರೋಗಗಳು

ನಮ್ಮಲ್ಲಿ ಈ ಜಾಗದ ಎಲ್ಲ ಊತಕ್ಕೂ ‘ಅಂಡವಾಯು’ ಎಂಬ ಒಂದೇ ಹೆಸರು. ತೆಲುಗು ಬೆರೆತ ಗಡಿಹಳ್ಳಿಗಳಲ್ಲಿ ‘ಬುಡ್ಡ’ ಎನ್ನುವುದುಂಟು. ಹೆಸರು ಒಂದಾದ ಮಾತ್ರಕ್ಕೆ ರೋಗ ಒಂದಲ್ಲ. ನಮ್ಮ ಪ್ರಾಚೀನ ಶಸ್ತ್ರವೈದ್ಯನಾದ ಸುಶ್ರುತನೇ ಈ ‘ವೃದ್ಧಿ’ಯನ್ನು ಏಳು ಬಗೆಯಾಗಿ ವಿಂಗಡಿಸಿದ್ದಾನೆ. ನೀರು ತುಂಬಿದ್ದು, ಕೊಬ್ಬಿನಂಥದ್ದು, ರಕ್ತದ್ದು, ಕರುಳು ಇಳಿದದ್ದು ಎಲ್ಲವೂ ಆ ಲೆಕ್ಕದಲ್ಲಿವೆ. ಒಂದೊಂದಕ್ಕೆ ಒಂದೊಂದು ಉಪಾಯವೆಂದೂ ಅವನು ತಿಳಿದಿದ್ದ. ಇಂದಿನ ವೈದ್ಯರು ಮಾಡುವುದೂ ಇದನ್ನೇ: ಮೊದಲು ವಿಂಗಡಣೆ, ಆಮೇಲೆ ಚಿಕಿತ್ಸೆ.

ಚೀಲದೊಳಗೆ ಏನೇನಿದೆ?

ಗಂಡುಮಗು ತಾಯಿಯ ಗರ್ಭದಲ್ಲಿರುವಾಗ ಅದರ ವೃಷಣಗಳು ಹೊಟ್ಟೆಯೊಳಗೆ ಇರುತ್ತವೆ. ಹುಟ್ಟುವ ಹೊತ್ತಿಗೆ ಅವು ತೊಡೆಸಂದಿನ ದಾರಿಯಲ್ಲಿ ಕೆಳಗಿಳಿದು ಚೀಲ ಸೇರುತ್ತವೆ. ಇಳಿಯುವಾಗ ಹೊಟ್ಟೆಯ ಒಳಪೊರೆಯ ಒಂದು ಮಡಿಕೆಯೂ ಜೊತೆಗೆ ಬರುತ್ತದೆ. ಈ ದಾರಿ ಆಮೇಲೆ ಮುಚ್ಚಿಕೊಳ್ಳಬೇಕು. ಮುಚ್ಚದೆ ಉಳಿದರೆ ಅದೇ ದಾರಿಯಲ್ಲಿ ಕರುಳು ಇಳಿದು ಹರ್ನಿಯಾ ಆಗಬಹುದು, ನೀರು ಇಳಿದು ಹೈಡ್ರೋಸೀಲ್ ಆಗಬಹುದು.

ವೃಷಣದ ಹಿಂಬದಿಗೆ ಸುರುಳಿ ಸುತ್ತಿದ ಒಂದು ನಾಳ ಅಂಟಿಕೊಂಡಿದೆ. ಇದಕ್ಕೆ ಎಪಿಡಿಡಿಮಿಸ್ ಎಂದು ಹೆಸರು. ವೀರ್ಯಾಣುಗಳು ಇಲ್ಲಿ ಬಲಿತು, ವೀರ್ಯನಾಳದ ಮೂಲಕ ಮೇಲಕ್ಕೆ ಹೋಗುತ್ತವೆ. ವೀರ್ಯನಾಳ, ರಕ್ತನಾಳ, ನರಗಳೆಲ್ಲ ಸೇರಿದ ಹಗ್ಗದಂಥ ಭಾಗದಿಂದ ವೃಷಣ ತೂಗಾಡುತ್ತದೆ. ಗಂಟು ಇವುಗಳಲ್ಲಿ ಯಾವುದರಿಂದ ಹುಟ್ಟಿದೆ ಎಂಬುದೇ ರೋಗನಿರ್ಣಯದ ಅರ್ಧ ಭಾಗ. ಹಿಂಬದಿಯ ಸುರುಳಿನಾಳವನ್ನೇ ಗಂಟೆಂದು ತಿಳಿದು ಗಾಬರಿಯಾಗುವವರೂ ಇದ್ದಾರೆ. ಅದು ಎಲ್ಲರಿಗೂ ಇರುವಂಥದ್ದು.

ಸಾಮಾನ್ಯವಾಗಿ ಕಾಣುವ ನಾಲ್ಕು

ಅಪರೂಪದ್ದನ್ನು ಅರಿಯಬೇಕಾದರೆ ಸಾಮಾನ್ಯವಾದದ್ದನ್ನು ಮೊದಲು ಅರಿತಿರಬೇಕು.

ಹೈಡ್ರೋಸೀಲ್: ವೃಷಣದ ಸುತ್ತಲಿನ ಪೊರೆಯಲ್ಲಿ ನೀರು ತುಂಬಿಕೊಳ್ಳುವುದು. ನೋವಿಲ್ಲದೆ ನಿಧಾನವಾಗಿ ದೊಡ್ಡದಾಗುತ್ತದೆ. ಎಳೆಮಕ್ಕಳಲ್ಲಿ ಇದು ಸಾಮಾನ್ಯವಾಗಿ ಒಂದೆರಡು ವರ್ಷದೊಳಗೆ ತಾನೇ ಇಳಿಯುತ್ತದೆ. ದೊಡ್ಡವರಲ್ಲಿ ತಾನಾಗಿ ಇಳಿಯುವುದು ವಿರಳ.

ಹರ್ನಿಯಾ: ತೊಡೆಸಂದಿನಿಂದ ಇಳಿದ ಕರುಳು. ಕೆಮ್ಮಿದಾಗ, ಭಾರ ಎತ್ತಿದಾಗ ಉಬ್ಬುತ್ತದೆ, ಮಲಗಿದರೆ ಒಳಗೆ ಸರಿಯುತ್ತದೆ. ಮಕ್ಕಳ ಹರ್ನಿಯಾ ಹೈಡ್ರೋಸೀಲಿನಂತೆ ತಾನೇ ವಾಸಿಯಾಗುವುದಿಲ್ಲ. ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿಸಬೇಕು.

ವೆರಿಕೋಸೀಲ್: ಊದಿಕೊಂಡ ಸಿರೆಗಳ ಗೊಂಚಲು. ಮುಟ್ಟಿದರೆ ಎರೆಹುಳುಗಳ ಮುದ್ದೆಯಂತೆ ಇರುತ್ತದೆ. ನಿಂತಾಗ ಕಾಣುತ್ತದೆ, ಮಲಗಿದರೆ ಇಳಿಯುತ್ತದೆ. ನೂರಕ್ಕೆ ತೊಂಬತ್ತರಷ್ಟು ಎಡಬದಿಯಲ್ಲೇ ಇರುತ್ತದೆ. ವಯಸ್ಸಾದವರಲ್ಲಿ ಹೊಸದಾಗಿ ಕಾಣಿಸಿಕೊಂಡರೆ, ಬಲಬದಿಯಲ್ಲಿ ಮಾತ್ರ ಬಂದರೆ, ಇಲ್ಲವೆ ಮಲಗಿದರೂ ಇಳಿಯದಿದ್ದರೆ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಸ್ಕ್ಯಾನ್ ಮಾಡಿಸಬೇಕು.

ಎಪಿಡಿಡಿಮಿಸ್ಸಿನ ನೀರುಗುಳ್ಳೆ: ವೃಷಣದ ಮೇಲೆ ಅಥವಾ ಹಿಂದೆ ಬೇರೆಯಾಗಿ ಸಿಗುವ ಮೆತ್ತನೆಯ ಗುಂಡು. ಕೆಲವರಿಗೆ ಮೂರನೆಯ ವೃಷಣವೇ ಇದ್ದಂತೆ ತೋರುತ್ತದೆ. ತೊಂದರೆ ಕೊಡದಿದ್ದರೆ ಇದನ್ನು ಮುಟ್ಟಬೇಕಾಗಿಲ್ಲ. ಮಕ್ಕಳಾಗಬೇಕಾದ ವಯಸ್ಸಿನವರಲ್ಲಿ ಶಸ್ತ್ರಚಿಕಿತ್ಸೆ ಮಾಡಿದರೆ ವೀರ್ಯಾಣುಗಳ ದಾರಿ ಕಟ್ಟಿಕೊಳ್ಳುವ ಸಂಭವವಿದೆ. ಆದುದರಿಂದ ವೈದ್ಯರು ಅವಸರ ಮಾಡುವುದಿಲ್ಲ.

ಆನೆಕಾಲು ಸೊಳ್ಳೆಯ ಮಾತು

ಕರಾವಳಿಯಲ್ಲಿ ಹೈಡ್ರೋಸೀಲ್ ಎಂದೊಡನೆ ಆನೆಕಾಲು ರೋಗದ ನೆನಪಾಗುತ್ತದೆ. ಅದಕ್ಕೆ ಕಾರಣವೂ ಇದೆ. ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮತ್ತು ಉತ್ತರದ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಈ ರೋಗದ ಪಟ್ಟಿಗೆ ಸೇರಿದವು. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಇದನ್ನು ಹರಡುತ್ತದೆ. ಹುಳುವಿನ ಮರಿಗಳು ರಾತ್ರಿ ಹೊತ್ತು ರಕ್ತದಲ್ಲಿ ಓಡಾಡುವುದರಿಂದ ರಾತ್ರಿಯೇ ರಕ್ತ ತೆಗೆದು ನೋಡುವ ಪದ್ಧತಿಯಿದೆ. ಮಾತ್ರೆ ನುಂಗಿದರೆ ರೋಗ ಹರಡುವುದು ತಪ್ಪುತ್ತದೆ. ಆದರೆ ಈಗಾಗಲೇ ದೊಡ್ಡದಾಗಿ ತುಂಬಿಕೊಂಡ ನೀರು ಮಾತ್ರೆಯಿಂದ ಹೋಗುವುದಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು.

ಕೋಲಾರ ಜಿಲ್ಲೆ ಆ ಪಟ್ಟಿಯಲ್ಲಿಲ್ಲ. ಕರಾವಳಿಯಲ್ಲಿ ಬಹುಕಾಲ ಇದ್ದು ಬಂದವರ ವಿಚಾರ ಬೇರೆ. ಅವರು ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಉಳಿದವರು ‘ಇದು ಆನೆಕಾಲಿನದೇ ನೀರು’ ಎಂದು ತಾವೇ ತೀರ್ಮಾನಿಸಿ ಕೂತರೆ ನಿಜವಾದ ಕಾರಣ ತಿಳಿಯುವುದು ತಡವಾಗುತ್ತದೆ.

ವೈದ್ಯರು ನೋಡುವ ಮೂರು ಸಂಗತಿಗಳು

ಅನುಭವಿ ವೈದ್ಯರು ಕೈಯಿಂದಲೇ ಬಹಳಷ್ಟನ್ನು ತಿಳಿಯುತ್ತಾರೆ. ಅವರು ನಿಲ್ಲಿಸಿಯೂ ಮಲಗಿಸಿಯೂ ಏಕೆ ನೋಡುತ್ತಾರೆಂದು ನಮಗೆ ತಿಳಿದಿದ್ದರೆ ಸಂಕೋಚ ಕಡಿಮೆಯಾಗುತ್ತದೆ.

ಒಂದು: ಊತದ ಮೇಲ್ತುದಿ ಬೆರಳುಗಳ ನಡುವೆ ಸಿಗುತ್ತದೆಯೇ? ಸಿಕ್ಕಿದರೆ ಊತ ಚೀಲದಲ್ಲೇ ಹುಟ್ಟಿದ್ದು. ಸಿಗದೆ ತೊಡೆಸಂದಿನವರೆಗೂ ಮುಂದುವರಿದಿದ್ದರೆ ಅದು ಹರ್ನಿಯಾ ಇರಬಹುದು.

ಎರಡು: ಗಂಟು ವೃಷಣದಲ್ಲೇ ಇದೆಯೇ, ಅದರಿಂದ ಬೇರೆಯಾಗಿ ಇದೆಯೇ? ಇದು ಬಹಳ ಮುಖ್ಯ. ವೃಷಣದ ಹೊರಗಿನ ಗಂಟುಗಳಲ್ಲಿ ಹೆಚ್ಚಿನವು ಅಪಾಯವಿಲ್ಲದವು. ವೃಷಣದ ಒಳಗಿನ ಗಟ್ಟಿ ಗಂಟನ್ನು ಮಾತ್ರ, ಅಲ್ಲವೆಂದು ರುಜುವಾತಾಗುವ ತನಕ, ಕ್ಯಾನ್ಸರ್ ಎಂದೇ ಎಣಿಸಬೇಕು.

ಮೂರು: ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಟಾರ್ಚ್ ಹಿಡಿದರೆ ಬೆಳಕು ಹಾಯುತ್ತದೆಯೇ? ತಿಳಿನೀರಿದ್ದರೆ ಚೀಲ ಕೆಂಪಗೆ ಬೆಳಗುತ್ತದೆ. ಗಟ್ಟಿ ಗಂಟಾದರೆ ಬೆಳಗುವುದಿಲ್ಲ.

ಟಾರ್ಚ್ ಪರೀಕ್ಷೆಯನ್ನು ಮನೆಯಲ್ಲೇ ಮಾಡಿಕೊಂಡು ಸಮಾಧಾನಪಡುವುದು ಸರಿಯಲ್ಲ. ಎಳೆಮಗುವಿನ ಹರ್ನಿಯಾ ಕೂಡ ಬೆಳಗಬಹುದು. ಹಳೆಯ ಹೈಡ್ರೋಸೀಲಿನ ಪೊರೆ ದಪ್ಪವಾಗಿದ್ದರೆ, ನೀರಿಗೆ ರಕ್ತ ಬೆರೆತಿದ್ದರೆ ಅದು ಬೆಳಗದೆಯೂ ಇರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನೀರಿನ ಹಿಂದೆ ವೃಷಣದ ಗಂಟೊಂದು ಅಡಗಿರಬಹುದು. ಹರೆಯದವನಿಗೆ ಹೊಸದಾಗಿ ಹೈಡ್ರೋಸೀಲ್ ಬಂದರೆ ಸ್ಕ್ಯಾನ್ ಮಾಡಿ ವೃಷಣವನ್ನು ನೋಡಲೇಬೇಕು ಎನ್ನುವುದು ಇದಕ್ಕಾಗಿಯೇ.

ಅಲ್ಟ್ರಾಸೌಂಡ್ ಸ್ಕ್ಯಾನಿನಿಂದ ನೋವಿಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ಗಂಟು ಒಳಗೋ ಹೊರಗೋ, ನೀರೋ ಗಟ್ಟಿಯೋ ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ. ಜೊತೆಗೆ ಕಲರ್ ಡಾಪ್ಲರ್ ಮಾಡಿದರೆ ರಕ್ತದ ಓಟವೂ ಕಾಣುತ್ತದೆ. ಸಂಶಯವಿದ್ದಲ್ಲಿ ಎ.ಎಫ್.ಪಿ., ಎಚ್.ಸಿ.ಜಿ., ಎಲ್.ಡಿ.ಎಚ್. ಎಂಬ ಮೂರು ರಕ್ತಪರೀಕ್ಷೆಗಳನ್ನು ಮಾಡಿಸುತ್ತಾರೆ. ಇವು ಸರಿಯಾಗಿದ್ದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲವೆಂದಲ್ಲ. ಸ್ಕ್ಯಾನಿನ ಜೊತೆಗಿಟ್ಟು ನೋಡಿದಾಗ ಮಾತ್ರ ಇವಕ್ಕೆ ಅರ್ಥ.

ಅಪರೂಪದ, ಅಪಾಯವಿಲ್ಲದ ಗಂಟುಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಕೆಳಗಿನವು ವಿರಳ. ವಿರಳವಾದುದರಿಂದಲೇ ರೋಗಿಗೂ ಕೆಲವೊಮ್ಮೆ ವೈದ್ಯರಿಗೂ ಗೊಂದಲ ತರುತ್ತವೆ.

1. ಅಡಿನೊಮಟಾಯ್ಡ್ ಗಂಟು: ಎಪಿಡಿಡಿಮಿಸ್ಸಿನಲ್ಲಿ ಹುಟ್ಟುವ ಗಟ್ಟಿ ಗಂಟುಗಳಲ್ಲಿ ಇದೇ ಹೆಚ್ಚು. 20ರಿಂದ 50 ವರ್ಷದವರಲ್ಲಿ, ಹೆಚ್ಚಾಗಿ ವೃಷಣದ ಕೆಳತುದಿಯ ಬಳಿ, ಗೋಲಿಯಂತೆ ದುಂಡಗೆ ಸಿಗುತ್ತದೆ. ನೋವಿರುವುದಿಲ್ಲ. ವರ್ಷಗಟ್ಟಲೆ ಅಷ್ಟೇ ಇರುತ್ತದೆ. ಇದು ಹರಡುವ ರೋಗವಲ್ಲ. ಗಂಟನ್ನಷ್ಟೇ ತೆಗೆದು, ವೃಷಣವನ್ನು ಉಳಿಸಬಹುದು.

2. ನಾರುಗಂಟು: ವೃಷಣದ ಸುತ್ತಲಿನ ಪೊರೆಯಲ್ಲಿ ಒಂದೋ ಹಲವೋ ಗಟ್ಟಿ ಗಂಟುಗಳು ಬೆಳೆಯುತ್ತವೆ. ಹಿಂದೆ ಎಂದೋ ಆದ ಪೆಟ್ಟು, ಸೋಂಕು ಅಥವಾ ಹೈಡ್ರೋಸೀಲಿನ ಫಲವಾಗಿ ಇದು ಬರಬಹುದು. ನಿಜಕ್ಕೂ ಇದು ಗೆಡ್ಡೆಯಲ್ಲ, ವಾಸಿಯಾದ ಗಾಯದ ಕಲೆ ಗಟ್ಟಿಯಾದಂತೆ. ಮುಟ್ಟಿದರೆ ಮಾತ್ರ ಕ್ಯಾನ್ಸರಿನಂತೆಯೇ ತೋರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಇದನ್ನಷ್ಟೇ ಬಿಡಿಸಿ ತೆಗೆಯಬಹುದು.

3. ಎಪಿಡರ್ಮಾಯ್ಡ್ ಗುಳ್ಳೆ: ಇದು ವೃಷಣದ ಒಳಗೇ ಇರುವುದರಿಂದ ಬಹಳ ಎಚ್ಚರಿಕೆ ಬೇಕು. ಸ್ಕ್ಯಾನಿನಲ್ಲಿ ಕೊಯ್ದ ಈರುಳ್ಳಿಯಂತೆ ಸುತ್ತುಸುತ್ತಾದ ಪದರಗಳು ಕಾಣುತ್ತವೆ, ಒಳಗೆ ರಕ್ತದ ಓಟವಿರುವುದಿಲ್ಲ, ರಕ್ತಪರೀಕ್ಷೆಗಳು ಸರಿಯಾಗಿರುತ್ತವೆ. ಈ ಮೂರೂ ಕೂಡಿಬಂದರೆ ಶಸ್ತ್ರವೈದ್ಯರು ತೊಡೆಸಂದಿನ ಮೂಲಕ ವೃಷಣವನ್ನು ಹೊರತಂದು, ಗುಳ್ಳೆಯನ್ನಷ್ಟೇ ಬಿಡಿಸಿ, ರೋಗಿ ಇನ್ನೂ ಮೇಜಿನ ಮೇಲಿರುವಾಗಲೇ ಅದರ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಏರ್ಪಾಟು ಮಾಡುತ್ತಾರೆ. ನಿರಪಾಯವೆಂದು ಖಚಿತವಾದರೆ ವೃಷಣವನ್ನು ಮತ್ತೆ ಅದರ ಜಾಗಕ್ಕೆ ಇಡುತ್ತಾರೆ. ಇದಕ್ಕೆ ಅನುಕೂಲವಿರುವ ದೊಡ್ಡ ಆಸ್ಪತ್ರೆಯೇ ಬೇಕು.

4. ಹೊರಪೊರೆಯ ಗುಳ್ಳೆ: ವೃಷಣದ ಬಿಳಿ ಹೊರಪೊರೆಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದಲ್ಲಿ ಗಟ್ಟಿಯಾಗಿ ಸಿಗುತ್ತದೆ. ಕೆಲವೇ ಮಿಲಿಮೀಟರ್ ಇದ್ದು ಸ್ಕ್ಯಾನಿನಲ್ಲಿ ತಿಳಿನೀರೆಂದು ಕಂಡರೆ ಚಿಕಿತ್ಸೆಯೇ ಬೇಡ.

5. ಕೊಬ್ಬಿನ ಗಂಟು: ವೃಷಣ ತೂಗುವ ಹಗ್ಗದಲ್ಲಿ ಬೆಳೆಯುವ ಲಿಪೋಮಾ. ಮೆತ್ತಗಿದ್ದು ಹರ್ನಿಯಾ ಎಂದೇ ಭ್ರಮೆ ಹುಟ್ಟಿಸುತ್ತದೆ. ಬಹಳಸಲ ಹರ್ನಿಯಾ ಶಸ್ತ್ರಚಿಕಿತ್ಸೆಯ ವೇಳೆಯಲ್ಲೇ ಪತ್ತೆಯಾಗುತ್ತದೆ. ದೊಡ್ಡದಾಗಿದ್ದರೆ, ಬೇಗ ಬೆಳೆಯುತ್ತಿದ್ದರೆ ತೆಗೆದು ಪರೀಕ್ಷೆಗೆ ಕಳುಹಿಸಲೇಬೇಕು. ಕೊಬ್ಬಿನ ಕ್ಯಾನ್ಸರ್ ಕೂಡ ಹೀಗೆಯೇ ಕಾಣುತ್ತದೆ.

6. ಹಗ್ಗದ ನೀರುಗಂಟು: ಮಕ್ಕಳಲ್ಲಿ ಹೆಚ್ಚು. ವೃಷಣದ ಮೇಲುಗಡೆ ಬೇರೆ ಗುಂಡಾಗಿ ಕಾಣುತ್ತದೆ. ವೃಷಣವನ್ನು ಮೆಲ್ಲಗೆ ಕೆಳಕ್ಕೆ ಎಳೆದರೆ ಗಂಟೂ ಇಳಿದು, ಅಲುಗಾಡದೆ ನಿಲ್ಲುತ್ತದೆ. ಎಳೆಮಗುವಿನಲ್ಲಿ ಕಾಯಬಹುದು. ಉಳಿದುಕೊಂಡರೆ ತೊಡೆಸಂದಿನಲ್ಲಿ ಸಣ್ಣ ಶಸ್ತ್ರಚಿಕಿತ್ಸೆ ಸಾಕು.

7. ಚರ್ಮದ ಗಂಟುಗಳು: ಚೀಲದ ಚರ್ಮದಲ್ಲಿ ಬಿಳಿ ಹಳದಿ ಬಣ್ಣದ, ಕಡಲೆಕಾಳಿನಂಥ ಹಲವು ಗಂಟುಗಳು ವರ್ಷವರ್ಷವೂ ಹೆಚ್ಚುವುದುಂಟು. ಕೆಲವು ಮೇದಸ್ಸಿನ ಗುಳ್ಳೆಗಳು, ಕೆಲವು ಸುಣ್ಣ ಕಟ್ಟಿದವು. ಒಡೆದರೆ ಸುಣ್ಣದಂಥ ಪದಾರ್ಥ ಬರುತ್ತದೆ. ಅಪಾಯವಿಲ್ಲ. ಆದರೆ ಉಗುರಿನಿಂದ, ಬ್ಲೇಡಿನಿಂದ ಒಡೆದುಕೊಳ್ಳಬಾರದು. ಬೇಕೆನಿಸಿದರೆ ಆ ಭಾಗದ ಚರ್ಮವನ್ನು ತೆಗೆದು ಹೊಲಿಯುತ್ತಾರೆ.

8. ನಸಬಂದಿಯ ನಂತರದ ಗಂಟು: ಪುರುಷರ ಸಂತಾನಹರಣ ಚಿಕಿತ್ಸೆಯಾದ ಮೇಲೆ ನಾಳ ಕತ್ತರಿಸಿದ ಜಾಗದಲ್ಲಿ ವೀರ್ಯಾಣು ಸೋರಿ ಬಟಾಣಿಯಂಥ ಗಂಟಾಗಬಹುದು. ಸಾಮಾನ್ಯವಾಗಿ ತೊಂದರೆಯಿಲ್ಲ. ನೋವಿದ್ದರೆ ಔಷಧಿಯಿಂದ ಕಡಿಮೆಯಾಗುತ್ತದೆ.

9. ರಕ್ತನಾಳ ಮತ್ತು ಹಾಲುರಸನಾಳದ ಗಂಟುಗಳು: ಮಕ್ಕಳಲ್ಲಿ, ಹರೆಯದವರಲ್ಲಿ ಮೆತ್ತಗೆ, ಕೆಲವೊಮ್ಮೆ ನೀಲಿಬಣ್ಣದಲ್ಲಿ ಕಾಣುತ್ತವೆ. ಡಾಪ್ಲರ್ ಮಾಡದೆ ಇವಕ್ಕೆ ಕತ್ತಿ ಇಟ್ಟರೆ ರಕ್ತಸ್ರಾವದ ಭಯವಿದೆ. ಅರ್ಧ ತೆಗೆದರೆ ಮತ್ತೆ ಬರುತ್ತವೆ.

10. ಮೂರನೆಯ ವೃಷಣ: ನಗುವ ಮಾತಲ್ಲ. ಬಹು ವಿರಳವಾಗಿ ಹುಟ್ಟಿನಿಂದಲೇ ಮೂರು ವೃಷಣಗಳಿರುವವರುಂಟು. ಸ್ಕ್ಯಾನಿನಲ್ಲಿ ಮೂರೂ ಒಂದೇ ತೆರನಾಗಿ ಕಂಡು, ಬೇರೆ ದೋಷವಿಲ್ಲದಿದ್ದರೆ ಆಗಾಗ ಪರೀಕ್ಷಿಸಿಕೊಂಡು ಹಾಗೆಯೇ ಬಿಡಬಹುದು.

ಕ್ಷಯವನ್ನು ಮರೆಯಬಾರದು

ಎಪಿಡಿಡಿಮಿಸ್ಸಿನಲ್ಲಿ ಗಟ್ಟಿಯಾದ ಗಂಟು, ವೀರ್ಯನಾಳದ ಉದ್ದಕ್ಕೂ ಮಣಿ ಪೋಣಿಸಿದಂತೆ ಉಬ್ಬು, ಚೀಲದ ಹಿಂಬದಿಯಲ್ಲಿ ಒಣಗದೆ ಸೋರುವ ಸಣ್ಣ ರಂಧ್ರ ಕಂಡರೆ ಕ್ಷಯರೋಗದ ಸಂಶಯ ಬರಬೇಕು. ಕೆಮ್ಮೇ ಇಲ್ಲದಿರಬಹುದು. ಶ್ರೀನಿವಾಸಪುರದ ಗಡಿಯಾಚೆ ಮದನಪಲ್ಲಿಯ ಬಳಿಯ ಆರೋಗ್ಯವರಂ ಎಂಬ ಊರು ಕ್ಷಯದ ಆಸ್ಪತ್ರೆಗೆ ಹೆಸರಾದದ್ದು ನಮ್ಮ ಹಿರಿಯರಿಗೆ ಗೊತ್ತು. ಅಂದು ತಿಂಗಳುಗಟ್ಟಲೆ ಅಲ್ಲಿ ಹೋಗಿ ಇರಬೇಕಾಗಿತ್ತು. ಇಂದು ಸರ್ಕಾರ ಉಚಿತವಾಗಿ ಕೊಡುವ ಮಾತ್ರೆಗಳನ್ನು ಮನೆಯಲ್ಲೇ, ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ನುಂಗಿದರೆ ವಾಸಿಯಾಗುತ್ತದೆ. ಇದನ್ನು ಗೆಡ್ಡೆಯೆಂದು ತಿಳಿದು ವೃಷಣ ತೆಗೆಸಿಕೊಂಡರೆ ಎಷ್ಟು ದೊಡ್ಡ ಅನ್ಯಾಯ! ಸೋರುವ ಕೀವನ್ನು ಪರೀಕ್ಷೆಗೆ ಕೊಡಲು ಕೇಳಿರಿ.

ಬಿದ್ದ ಪೆಟ್ಟು

ಅಡಿಕೆ, ತೆಂಗು ಹತ್ತುವವರು, ಟಿಲ್ಲರ್ ಓಡಿಸುವವರು ಪೆಟ್ಟು ಮಾಡಿಕೊಳ್ಳುವುದುಂಟು. ಆಗ ಚೀಲದಲ್ಲಿ ರಕ್ತ ಕಟ್ಟಿ, ಮುಂದೆ ಹೆಪ್ಪುಗಟ್ಟಿ ಗಂಟಿನಂತೆ ಉಳಿಯಬಹುದು. ಬಲವಾದ ಪೆಟ್ಟು ಬಿದ್ದು ಚೀಲ ಬೇಗ ಊದಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವೃಷಣ ಸೀಳಿದ್ದರೆ ಬೇಗ ಹೊಲಿದು ಉಳಿಸಬಹುದು. ಇನ್ನೊಂದು ಸೂಕ್ಷ್ಮವಿದೆ. ಮೊದಲೇ ಇದ್ದ ಗಂಟು ಪೆಟ್ಟು ಬಿದ್ದ ದಿನವೇ ಕೈಗೆ ಸಿಕ್ಕಿ, ‘ಇದು ಬಿದ್ದದ್ದರಿಂದ ಆದದ್ದು’ ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಕೆಲವು ವಾರಗಳಲ್ಲಿ ಕರಗದ ಗಂಟನ್ನು ಸ್ಕ್ಯಾನ್ ಮಾಡಿಸಲೇಬೇಕು.

ಕಾಯಬಾರದವು

ಬಲವಾದ ಪೆಟ್ಟೊಂದನ್ನು ಬಿಟ್ಟರೆ ಮೇಲಿನವೆಲ್ಲ ಒಂದೆರಡು ವಾರದಲ್ಲಿ ಅನುಕೂಲ ನೋಡಿಕೊಂಡು ತೋರಿಸಬಹುದಾದವು. ಕೆಳಗಿನವು ಹಾಗಲ್ಲ.

ವೃಷಣ ತಿರುಚಿಕೊಳ್ಳುವುದು: ಹನ್ನೆರಡರಿಂದ ಹದಿನೆಂಟರ ಹುಡುಗರಲ್ಲಿ ಹೆಚ್ಚು. ಹಗ್ಗ ತಿರುಚಿಕೊಂಡು ರಕ್ತ ನಿಂತುಹೋಗುತ್ತದೆ. ಇದ್ದಕ್ಕಿದ್ದಂತೆ ವಿಪರೀತ ನೋವು, ವಾಂತಿ, ಒಂದು ವೃಷಣ ಮೇಲಕ್ಕೆ ಸೆಳೆದುಕೊಂಡಂತೆ ಇರುವುದು ಇದರ ಗುರುತು. ನಿದ್ದೆಯಲ್ಲಿದ್ದ ಹುಡುಗ ನೋವಿನಿಂದ ಎದ್ದು ಕೂರಬಹುದು. ನಾಚಿಕೊಂಡು ‘ಹೊಟ್ಟೆನೋವು’ ಎಂದಷ್ಟೇ ಹೇಳುವುದೂ ಉಂಟು. ಆರು ಗಂಟೆಯೊಳಗೆ ಬಿಡಿಸಿದರೆ ಹೆಚ್ಚಿನ ವೃಷಣಗಳು ಉಳಿಯುತ್ತವೆ. ಒಂದು ದಿನ ಕಳೆದರೆ ಉಳಿಯುವುದು ಅಪರೂಪ. ರಾಯಲ್ಪಾಡಿನಲ್ಲೋ ನಂಗಲಿಯಲ್ಲೋ ರಾತ್ರಿ ಎರಡು ಗಂಟೆಗೆ ನೋವು ಶುರುವಾಯಿತೆನ್ನಿ. ಬೆಳಗಿನ ಮೊದಲ ಬಸ್ಸಿಗೆ ಕಾದು, ತಾಲ್ಲೂಕಿನಲ್ಲಿ ತೋರಿಸಿ, ಅಲ್ಲಿಂದ ಕೋಲಾರಕ್ಕೆ ಹೊರಟರೆ ಎಂಟು ಗಂಟೆ ದಾಟಿ ಆ ಆರು ಗಂಟೆ ಮುಗಿದೇ ಹೋಗಿರುತ್ತದೆ. ಆದುದರಿಂದ ರಾತ್ರಿಯೇ 108ಕ್ಕೆ ಕರೆ ಮಾಡಿ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ನೇರವಾಗಿ ಹೊರಡಿರಿ. ಶಸ್ತ್ರಚಿಕಿತ್ಸೆಯಲ್ಲಿ ಇನ್ನೊಂದು ಬದಿಯ ವೃಷಣವನ್ನೂ ಹೊಲಿದು ಭದ್ರಪಡಿಸುತ್ತಾರೆ. ಅದಕ್ಕೆ ಒಪ್ಪಿಗೆ ಕೊಡಲು ಹಿಂಜರಿಯಬಾರದು.

ಸಿಕ್ಕಿಹಾಕಿಕೊಂಡ ಹರ್ನಿಯಾ: ದಿನವೂ ಒಳಗೆ ಸರಿಯುತ್ತಿದ್ದ ಊತ ಸರಿಯದೆ ಗಟ್ಟಿಯಾಗಿ, ನೋವು, ವಾಂತಿ, ಹೊಟ್ಟೆ ಉಬ್ಬರ ಬಂದರೆ ಕರುಳು ಕೊಳೆಯುವ ಅಪಾಯವಿದೆ. ಬಲವಂತವಾಗಿ ಒತ್ತಬಾರದು.

ಚರ್ಮ ಕೊಳೆಯುವ ಸೋಂಕು: ಮುಖ್ಯವಾಗಿ ಸಕ್ಕರೆ ಕಾಯಿಲೆಯವರಿಗೆ. ತೀವ್ರ ನೋವು, ಜ್ವರ, ಚರ್ಮ ಕಪ್ಪಾಗುವುದು, ದುರ್ವಾಸನೆ. ಗಂಟೆಗಂಟೆಗೂ ಹರಡುವ ಪ್ರಾಣಾಂತಿಕ ರೋಗವಿದು.

ಗಟ್ಟಿ, ನೋವಿಲ್ಲದ, ಭಾರವಾದ ವೃಷಣ: ಇದು ಗಂಟೆಗಳ ಲೆಕ್ಕವಲ್ಲ, ದಿನಗಳ ಲೆಕ್ಕ. ವೃಷಣದ ಕ್ಯಾನ್ಸರ್ ನಮ್ಮ ದೇಶದಲ್ಲಿ ವಿರಳ, ಲಕ್ಷ ಗಂಡಸರಲ್ಲಿ ವರ್ಷಕ್ಕೆ ಒಬ್ಬರಿಗಿಂತಲೂ ಕಡಿಮೆ. ಆದರೆ 15ರಿಂದ 40ರ ಹರೆಯದಲ್ಲೇ ಹೆಚ್ಚು ಬರುತ್ತದೆ. ಬಾಲ್ಯದಲ್ಲಿ ವೃಷಣ ಇಳಿಯದೆ ಇದ್ದವರಿಗೆ ಭಯ ಹೆಚ್ಚು. ಬೇಗ ಹಿಡಿದರೆ ಬಹುಪಾಲು ಪೂರ್ತಿ ವಾಸಿಯಾಗುವ ಕ್ಯಾನ್ಸರ್ ಇದು. ನೋವಿಲ್ಲವೆಂಬುದೇ ಇಲ್ಲಿ ಮೋಸ. ನೋವಿಲ್ಲದ ಗಂಟಿಗೆ ಹೆಚ್ಚು ಗಮನ ಕೊಡಬೇಕು.

ಮಾಡಬಾರದ್ದು

ಸೂಜಿ ಹಾಕಿಸಿ ನೀರು ತೆಗೆಸುವುದರಿಂದ ಹೈಡ್ರೋಸೀಲ್ ವಾಸಿಯಾಗುವುದಿಲ್ಲ. ಕೆಲವು ವಾರಗಳಲ್ಲಿ ಮತ್ತೆ ತುಂಬುತ್ತದೆ, ನಡುವೆ ಕೀವಾಗುವ ಅಪಾಯ ಬೇರೆ. ಹರ್ನಿಯಾವನ್ನು ನೀರೆಂದು ಬಗೆದು ಸೂಜಿ ಚುಚ್ಚಿದರೆ ಕರುಳಿಗೆ ತೂತಾಗುತ್ತದೆ. ವೃಷಣದ ಗಟ್ಟಿ ಗಂಟಿಗೆ ಚೀಲದ ಮೂಲಕ ಸೂಜಿ ಹಾಕಿಸಲೇಬಾರದು. ಕ್ಯಾನ್ಸರ್ ಆಗಿದ್ದರೆ ಅದಕ್ಕೆ ಹೊಸ ದಾರಿ ತೋರಿಸಿದಂತಾಗುತ್ತದೆ. ಅಂಥ ಗಂಟನ್ನು ತೊಡೆಸಂದಿನ ಮೂಲಕವೇ ತೆಗೆಯುವುದು ಕ್ರಮ. ಬರೆ ಹಾಕಿಸುವುದು, ಸೊಪ್ಪಿನ ಪಟ್ಟು ಕಟ್ಟಿ ಚರ್ಮ ಸುಡಿಸಿಕೊಳ್ಳುವುದು, ಜಾಹೀರಾತು ನೋಡಿ ಲೇಪ ತರಿಸುವುದು, ಇವೆಲ್ಲ ದುಡ್ಡಿನ ಜೊತೆಗೆ ಸಮಯವನ್ನೂ ತಿನ್ನುತ್ತವೆ.

ತೆಗೆದ ಗಂಟು ಎಷ್ಟೇ ಸಣ್ಣದಿರಲಿ, ಅದನ್ನು ಪರೀಕ್ಷೆಗೆ ಕಳುಹಿಸುವಂತೆ ಕೇಳಿ, ವರದಿಯನ್ನು ಪಹಣಿಯಂತೆ ಜೋಪಾನವಾಗಿಡಿ. ಮುಂದೆ ಎಂದಾದರೂ ಸಂಶಯ ಬಂದರೆ ಉತ್ತರ ಆ ಕಾಗದದಲ್ಲಿರುತ್ತದೆ.

ಶಸ್ತ್ರಚಿಕಿತ್ಸೆ ಎಂದರೆ ಏನು?

ಹೈಡ್ರೋಸೀಲಿಗೂ ಮೇಲೆ ಹೇಳಿದ ಬಹಳಷ್ಟು ಗಂಟುಗಳಿಗೂ ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ ಚಿಕಿತ್ಸೆ ಮಾಡಬಹುದು. ಹೈಡ್ರೋಸೀಲಿನಲ್ಲಿ ಪೊರೆಯನ್ನು ತೆಗೆದು ಅಥವಾ ಮಗುಚಿ ಹೊಲಿಯುತ್ತಾರೆ, ವೃಷಣವನ್ನು ತೆಗೆಯುವುದಿಲ್ಲ. ಗಂಡಸುತನಕ್ಕೆ ಇದರಿಂದ ಕುಂದಿಲ್ಲ. ನಂತರ ಕೆಲವು ವಾರ ಚೀಲ ಊದಿಕೊಂಡಿರುವುದು ಸಹಜ. ಲಂಗೋಟಿಯನ್ನೋ ಅದಕ್ಕೆಂದೇ ಸಿಗುವ ಆಧಾರಪಟ್ಟಿಯನ್ನೋ ಕಟ್ಟಿಕೊಳ್ಳಬೇಕು. ಎರಡು ಮೂರು ವಾರ ಮೂಟೆ ಹೊರುವುದು, ಮರ ಹತ್ತುವುದು, ಪಂಪು ಬೆನ್ನಿಗೇರಿಸಿ ಔಷಧಿ ಹೊಡೆಯುವುದು ಬೇಡ. ಆದ್ದರಿಂದ ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ಕೊಯ್ಲು ಮುಗಿದ ಮೇಲೆ ಇಟ್ಟುಕೊಳ್ಳಬಹುದು. ಜ್ವರ, ಹೆಚ್ಚುವ ನೋವು, ಕೀವು ಕಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ಎಲ್ಲಿಗೆ ಹೋಗಬೇಕು?

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ. ಮೊದಲ ತಪಾಸಣೆ ಅಲ್ಲಿ ಆಗಬಹುದು. ಅಲ್ಲಿಂದ ಸುಮಾರು 25ರಿಂದ 35 ಕಿಲೋಮೀಟರ್ ದೂರದಲ್ಲಿ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಿದೆ. ಕೋಲಾರದ ಟಮಕದಲ್ಲಿ 1986ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ಮತ್ತು ಅದಕ್ಕೆ ಸೇರಿದ ಆರ್.ಎಲ್. ಜಾಲಪ್ಪ ಆಸ್ಪತ್ರೆಯಿದೆ. ಕ್ಯಾನ್ಸರಿನ ಸಂಶಯವಿದ್ದವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ.

ಖರ್ಚಿನ ವಿಚಾರ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಲೀನವಾಗಿತ್ತು. 2022ರಲ್ಲಿ ಸರ್ಕಾರ ಅದನ್ನು ಮತ್ತೆ ಜಾರಿಗೆ ತಂದಿತು. ಇದರ ನೋಂದಣಿಯನ್ನು ಪ್ರತಿವರ್ಷ ಸಂಘದ ಮೂಲಕ ನವೀಕರಿಸಬೇಕು. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ, ಶಸ್ತ್ರಚಿಕಿತ್ಸೆಗೆ ಮೊದಲೇ ಒಪ್ಪಿಗೆ ಪಡೆದರೆ ಮಾತ್ರ ಅನುಕೂಲ. ಯಶಸ್ವಿನಿ ಇಲ್ಲದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡನ್ನೂ ಪಡಿತರ ಚೀಟಿಯನ್ನೂ ಜೊತೆಗೆ ಒಯ್ಯಬೇಕು. ನಿಮ್ಮ ಕಾಯಿಲೆಗೆ ಯಾವ ಯೋಜನೆ ಅನ್ವಯಿಸುತ್ತದೆಂದು ದಾಖಲಾಗುವ ಮೊದಲೇ ಕೇಳಿ ತಿಳಿಯಿರಿ.

ತಿಂಗಳಿಗೊಮ್ಮೆ ಎರಡು ನಿಮಿಷ

ಹದಿನೈದು ತುಂಬಿದ ಹುಡುಗರೂ ಹರೆಯದವರೂ ತಿಂಗಳಿಗೊಮ್ಮೆ, ಬಿಸಿನೀರಿನ ಸ್ನಾನವಾದ ಕೂಡಲೇ ಚೀಲ ಸಡಿಲವಾಗಿರುವಾಗ, ಒಂದೊಂದು ವೃಷಣವನ್ನೂ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಮೆಲ್ಲಗೆ ಹೊರಳಿಸಿ ನೋಡಿಕೊಂಡರೆ ಒಳ್ಳೆಯದು. ಒಂದು ಇನ್ನೊಂದಕ್ಕಿಂತ ತುಸು ದೊಡ್ಡದಿರುವುದು, ಒಂದು ತುಸು ಕೆಳಗೆ ತೂಗುವುದು ಸಹಜ. ಹೋದ ತಿಂಗಳು ಇಲ್ಲದ್ದು ಈ ತಿಂಗಳು ಸಿಕ್ಕಿದರೆ ವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಎರಡೂ ವೃಷಣಗಳು ಚೀಲದಲ್ಲಿವೆಯೇ ಎಂದು ನೋಡಿರಿ. ಆರು ತಿಂಗಳಾದರೂ ಇಳಿಯದಿದ್ದರೆ ಮಕ್ಕಳ ಶಸ್ತ್ರವೈದ್ಯರನ್ನು ಕಾಣಬೇಕು.

ಈ ಪುಟವನ್ನು ಓದಿದ ಸದಸ್ಯರು ಓದು ಬಾರದ ನೆರೆಯವರಿಗೆ, ತೋಟದ ಆಳುಗಳಿಗೆ ಇದರ ಸಾರ ಹೇಳಬೇಕಾಗಿ ಕೋರುತ್ತೇವೆ. ಮುಖ್ಯವಾಗಿ ಬೆಳೆದ ಗಂಡುಮಕ್ಕಳಿಗೆ ತಂದೆಯಾದವರು ಒಂದು ಮಾತು ಹೇಳಿಡಲಿ: ‘ಅಲ್ಲಿ ನೋವು ಬಂದರೆ, ಎಷ್ಟು ರಾತ್ರಿಯಾಗಿದ್ದರೂ ಸರಿ, ನನ್ನನ್ನು ಎಬ್ಬಿಸು.’ ಈ ಒಂದು ಮಾತಿನಿಂದ ನಾಚಿಕೆ ಕಳೆದು, ಹೋಗುವ ಅಂಗ ಉಳಿಯಬಹುದು.